ಗೋಗ್ಯಾಂ ಕಂಡದ್ದು, ಗೋಗ್ಯಾಂ ಕಟ್ಟಿದ್ದು

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಪಾಲ್ ಗೋಗ್ಯಾಂನ ಒಂದು ಚಿತ್ರವಿದೆ. ಹೆಸರು 'ಇಯಾ ಒರಾನಾ ಮರಿಯಾ', 1891ರದ್ದು. ಕೆಂಪು ಹೂಬಟ್ಟೆ ಸುತ್ತಿಕೊಂಡ ತಾಹಿತಿಯ ಹೆಂಗಸೊಬ್ಬಳು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದಾಳೆ. ಇಬ್ಬರ ತಲೆಯ ಸುತ್ತಲೂ ತೆಳ್ಳನೆಯ ಪ್ರಭಾವಳಿ. ಅಂದರೆ ಅವಳು ಮೇರಿ, ಅವನು ಏಸು. ಕೆಳಗೆ ಬಾಳೆಹಣ್ಣು ಇಟ್ಟಿದೆ, ಹಿಂದೆ ಹೂಬಿಟ್ಟ ಗಿಡದ ಮರೆಯಲ್ಲಿ ಹಳದಿ ರೆಕ್ಕೆಯ ದೇವದೂತ. ಭಾರತದವರ ಕಣ್ಣು ಮಾತ್ರ ಇವರಾರ ಮೇಲೂ ನಿಲ್ಲದೆ ನಡುವಿನ ಇಬ್ಬರು ಹೆಂಗಸರ ಮೇಲೆ ಹೋಗಿ ಕೂರುತ್ತದೆ. ಯಾಕೆಂದರೆ ಅವರು ಅಂಗೈಗೆ ಅಂಗೈ ಹಚ್ಚಿ ಕೈಮುಗಿದಿದ್ದಾರೆ. ಎಲ್ಲೋ ನೋಡಿದ ಭಂಗಿ, ನಮಗೆ ಬಹಳ ಹತ್ತಿರದ್ದು.

ಅನುಮಾನ ಸರಿಯೇ. ಆ ಭಂಗಿ ತಾಹಿತಿಯದಲ್ಲ, ಜಾವಾ ದ್ವೀಪದ ಬೊರೊಬುದೂರ್ ಬೌದ್ಧ ಸ್ತೂಪದ ಉಬ್ಬುಶಿಲ್ಪದ್ದು. ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ಆ ಶಿಲ್ಪಗಳ ಫೋಟೊಗಳನ್ನು ಗೋಗ್ಯಾಂ ಪೆಟ್ಟಿಗೆಯಲ್ಲಿಟ್ಟುಕೊಂಡು ತಾಹಿತಿಗೆ ಹೋಗಿದ್ದ. ಜೊತೆಗೆ ಈಜಿಪ್ಟಿನ ಗೋರಿಚಿತ್ರಗಳದ್ದೂ ಗ್ರೀಸಿನ ಪಾರ್ಥೆನಾನ್ ಶಿಲ್ಪಗಳದ್ದೂ ಇದ್ದವು. ಮರುವರ್ಷ ಬರೆದ 'ತಾ ಮಾತೆತೆ' ಚಿತ್ರದಲ್ಲಿ ತಾಹಿತಿಯ ಹೆಂಗಸರು ಬೆಂಚಿನ ಮೇಲೆ ಥೀಬ್ಸಿನ ಗೋರಿಗೋಡೆಯವರ ಹಾಗೆಯೇ, ಮುಖ ಒಂದು ಕಡೆ ಮೈ ಒಂದು ಕಡೆ ಮಾಡಿ, ಸಾಲಾಗಿ ಕೂತಿದ್ದಾರೆ. ಆದಿಮ ಬದುಕನ್ನು ಹುಡುಕಿ ಭೂಮಿಯ ಇನ್ನೊಂದು ತುದಿಗೆ ಹೋದವನ ಕಣ್ಣೆದುರಿಗೆ ಒಂದು ಇಡೀ ದ್ವೀಪವಿತ್ತು. ಅವನು ನೋಡಿಕೊಂಡು ಬರೆದದ್ದು ಫ್ರಾನ್ಸಿನಿಂದ ತಂದ ಫೋಟೊಗಳನ್ನು.

ಕಲಾವಿದರು ಕಡ ತರುವುದು ಹೊಸದೇನಲ್ಲ, ಅದಕ್ಕೆ ನನ್ನ ಆಕ್ಷೇಪವೂ ಇಲ್ಲ. ಜಾವಾದ ಭಂಗಿಯನ್ನು ತಂದು, ತಾಹಿತಿಯ ಮೈಬಣ್ಣಕ್ಕೆ ಒಗ್ಗಿಸಿ, ಕ್ರೈಸ್ತ ಕಥೆಯೊಳಗೆ ಕೂರಿಸುವುದಕ್ಕೆ ದೊಡ್ಡ ಧೈರ್ಯ ಬೇಕು. ಆ ಚಿತ್ರ ಚೆನ್ನಾಗಿಯೂ ಇದೆ. ನನ್ನ ತಕರಾರು ಬೇರೆ. ತಾನು ಅಲ್ಲಿ ಬಾಳಿ, ಕಂಡು, ಕೇಳಿ ಬರೆದೆ ಎಂದು ಅವನು ಪ್ಯಾರಿಸ್ಸನ್ನು ನಂಬಿಸಲು ಹೊರಟ. ಕೊನೆಗೆ ಜಗತ್ತೂ ನಂಬಿತು. ಅವನ ತಾಹಿತಿಯ ಚಿತ್ರಗಳನ್ನು ಮುಂದಿಟ್ಟುಕೊಂಡು ಕೂತರೆ ನನಗೆ ಅವು ಎರಡು ರಾಶಿಯಾಗುತ್ತವೆ: ಕಂಡವು ಮತ್ತು ಕಟ್ಟಿದವು. ಹೆಸರಾದದ್ದು ಕಟ್ಟಿದವು. ಒಳ್ಳೆಯವು ಹೆಚ್ಚಾಗಿ ಇರುವುದು ಕಂಡವುಗಳ ರಾಶಿಯಲ್ಲಿ.

ಮೊದಲು ಅವನ ಬಗೆಗಿನ ದಂತಕಥೆಯನ್ನು ಸ್ವಲ್ಪ ಸರಿಪಡಿಸಬೇಕು. ಷೇರುಪೇಟೆಯ ಕೈತುಂಬಾ ಸಂಬಳದ ಕೆಲಸ ಬಿಟ್ಟು, ಹೆಂಡತಿ ಮಕ್ಕಳನ್ನು ಬಿಟ್ಟು, ಕಲೆಗಾಗಿ ಎಲ್ಲವನ್ನೂ ತ್ಯಜಿಸಿ ಹೋದವನು ಎಂಬುದು ಎಲ್ಲರೂ ಕೇಳಿರುವ ಕಥೆ. ಸಾಮರ್ಸೆಟ್ ಮಾಮ್ 1919ರಲ್ಲಿ 'ದ ಮೂನ್ ಅಂಡ್ ಸಿಕ್ಸ್‌ಪೆನ್ಸ್' ಕಾದಂಬರಿ ಬರೆದು ಅದಕ್ಕೆ ಇನ್ನಷ್ಟು ರೆಕ್ಕೆಪುಕ್ಕ ಕಟ್ಟಿದ. ನಡುರಾತ್ರಿ ಮನೆ ಬಿಟ್ಟವರನ್ನು ಪೂಜಿಸುವ ನಮಗೆ ಇಂಥ ಕಥೆ ಬೇಗ ಹಿಡಿಸುತ್ತದೆ. ಆದರೆ ಮಾಸ್ತಿಯವರು 'ಯಶೋಧರಾ' ನಾಟಕ ಬರೆದ ಭಾಷೆಯ ಓದುಗರು ಮೆಟ್ಟೆ ಗಾಡ್ ಎಂಬ ಹೆಸರನ್ನೂ ತಿಳಿದಿರಬೇಕು. ಡೆನ್ಮಾರ್ಕಿನ ಈ ಹೆಣ್ಣನ್ನು ಗೋಗ್ಯಾಂ 1873ರಲ್ಲಿ ಮದುವೆಯಾದ. ಐದು ಮಕ್ಕಳಾದವು. 1882ರಲ್ಲಿ ಪ್ಯಾರಿಸ್ಸಿನ ಷೇರುಪೇಟೆ ಕುಸಿಯಿತು, ಮರುವರ್ಷ ಅವನ ಕೆಲಸ ಮುಗಿಯಿತು. ಕೆಲಸ ಅವನನ್ನು ಬಿಟ್ಟಿತು ಎಂದರೂ ನಡೆದೀತು. ಕೋಪನ್‌ಹೇಗನ್ನಿಗೆ ಹೋಗಿ ಟಾರ್ಪಾಲು ಮಾರುವ ಏಜೆಂಟನಾಗಿ ನೋಡಿದ, ಅದೂ ಕೈಹಿಡಿಯಲಿಲ್ಲ. 1885ರಲ್ಲಿ ಅವನು ಪ್ಯಾರಿಸ್ಸಿಗೆ ಮರಳಿದ ಮೇಲೆ ಮೆಟ್ಟೆ ಫ್ರೆಂಚ್ ಪಾಠ ಹೇಳಿ, ಅವನು ಒಳ್ಳೆಯ ದಿನಗಳಲ್ಲಿ ಕೊಂಡಿಟ್ಟ ಇಂಪ್ರೆಷನಿಸ್ಟರ ಚಿತ್ರಗಳನ್ನು ಒಂದೊಂದಾಗಿ ಮಾರಿ ಮಕ್ಕಳನ್ನು ಬೆಳೆಸಿದಳು.

ಇಷ್ಟು ಹೇಳಿ, ಅವನ ಕಲೆಯ ದೊಡ್ಡತನಕ್ಕೆ ಬರುತ್ತೇನೆ. ಅದನ್ನು ಒಪ್ಪದೆ ಟೀಕೆ ಮಾಡಿದರೆ ನ್ಯಾಯವಲ್ಲ. ಮೊನೆ, ಪಿಸ್ಸಾರೊ ಮೊದಲಾದ ಇಂಪ್ರೆಷನಿಸ್ಟರು ಬೆಳಕಿನ ಹಿಂದೆ ಬಿದ್ದಿದ್ದರು. ಈ ಗಳಿಗೆಯಲ್ಲಿ, ಈ ಬಿಸಿಲಿನಲ್ಲಿ, ಈ ಮರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದು ಅವರ ಪ್ರಶ್ನೆ. ಗೋಗ್ಯಾಂ ಪಿಸ್ಸಾರೊನ ಕೈಕೆಳಗೇ ಪಳಗಿದವನು, 1879ರಿಂದ 1886ರವರೆಗೆ ಅವರ ಪ್ರದರ್ಶನಗಳಲ್ಲೇ ಚಿತ್ರ ಇಟ್ಟವನು. ಆಮೇಲೆ ಆ ಪ್ರಶ್ನೆಯನ್ನೇ ಬಿಟ್ಟುಕೊಟ್ಟ. ಫ್ರಾನ್ಸಿನ ಪಶ್ಚಿಮದ ಬ್ರಿಟನಿ ಪ್ರಾಂತ್ಯದ ಪೋಂತ್-ಆವೆನ್ ಎಂಬ ಊರಿನಲ್ಲಿ 1888ರ ಬೇಸಿಗೆಯಲ್ಲಿ ಬರೆದ 'ಪ್ರವಚನದ ನಂತರದ ದರ್ಶನ' ನೋಡಿ. ಬಿಳಿ ಟೋಪಿಯ ಹಳ್ಳಿ ಹೆಂಗಸರು ಚರ್ಚಿನಿಂದ ಹೊರಬಂದಿದ್ದಾರೆ. ಆಗಷ್ಟೇ ಕೇಳಿದ ಬೈಬಲ್ ಕಥೆ, ಯಾಕೋಬನೂ ದೇವದೂತನೂ ಕುಸ್ತಿಯಾಡಿದ ಕಥೆ, ಅವರ ಕಣ್ಣಮುಂದೆ ನಡೆಯುತ್ತಿದೆ. ನೆಲ ಪೂರ್ತಿ ಕೆಂಪು. ಹುಲ್ಲಿನ ಹಸಿರಿಲ್ಲ, ನೆರಳಿಲ್ಲ, ದೂರ ಹತ್ತಿರಗಳ ಲೆಕ್ಕವಿಲ್ಲ. ಮರದ ಕಾಂಡವೊಂದು ಓರೆಯಾಗಿ ಅಡ್ಡ ಬಿದ್ದು, ನೋಡುವವರ ಲೋಕವನ್ನೂ ಕಾಣಿಸಿದ ಲೋಕವನ್ನೂ ಬೇರೆ ಮಾಡುತ್ತದೆ. ಮೊದಲು ಗಟ್ಟಿಯಾಗಿ ಗೆರೆ ಎಳೆದು, ಆಮೇಲೆ ಒಳಗೆ ಒಂದೇ ಬಣ್ಣದ ಪುಡಿ ತುಂಬುವ ರಂಗೋಲಿಯ ಕ್ರಮವಿದೆಯಲ್ಲ, ಹೆಚ್ಚುಕಡಿಮೆ ಅದೇ ಇದು. ಜಪಾನಿನ ಮರದಚ್ಚಿನ ಚಿತ್ರಗಳಿಂದಲೂ ಎಮಿಲ್ ಬರ್ನಾರ್ ಎಂಬ ಎಳೆಯ ಗೆಳೆಯನಿಂದಲೂ ಕಲಿತದ್ದು. ಬರ್ನಾರ್ ತನಗೆ ಸಲ್ಲಬೇಕಾದ ಹೆಸರನ್ನು ಗೋಗ್ಯಾಂ ಹೊಡೆದುಕೊಂಡ ಎಂದು ಜೀವಮಾನವಿಡೀ ಕೊರಗಿದ. ಅವನ ದೂರಿನಲ್ಲಿ ಹುರುಳಿದೆ. ಆದರೆ ಆ ಕೆಂಪನ್ನು ಹಾಗೆ ಹರಡುವ ಎದೆಗಾರಿಕೆ ಬರ್ನಾರನಿಗೆ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಚಿತ್ರವನ್ನು ಪಕ್ಕದ ನಿಜೋಂ ಊರಿನ ಚರ್ಚಿಗೆ ಉಚಿತವಾಗಿ ಕೊಡಲು ಹೋದರೆ ಪಾದ್ರಿ ಬೇಡವೆಂದ. ಈಗ ಅದು ಎಡಿನ್‌ಬರೋದಲ್ಲಿದೆ.

ಅದೇ ವರ್ಷ ಪೋಲ್ ಸೆರ್ಯೂಜ್ಯೆ ಎಂಬ ಹುಡುಗನನ್ನು ಪೋಂತ್-ಆವೆನ್ನಿನ ತೋಪಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಗೋಗ್ಯಾಂ ಪಾಠ ಹೇಳಿದ. ಮರ ಹಳದಿಯಾಗಿ ಕಂಡರೆ ನಿನ್ನಲ್ಲಿರುವ ಅತಿ ಒಳ್ಳೆಯ ಹಳದಿಯನ್ನೇ ಹಚ್ಚು, ನೆರಳು ನೀಲಿ ಅನ್ನಿಸಿದರೆ ಶುದ್ಧ ನೀಲಿ ಹಚ್ಚು ಎಂಬುದು ಅದರ ತಿರುಳು. ಹುಡುಗ ಬರೆದದ್ದು ಚಿಕ್ಕದೊಂದು ಹಲಗೆಯ ಮೇಲೆ. 'ತಾಯಿತ' ಎಂದು ಹೆಸರಾದ ಆ ಪುಟ್ಟ ಚಿತ್ರವನ್ನು ಅವನು ಪ್ಯಾರಿಸ್ಸಿಗೆ ಒಯ್ದು ತೋರಿಸಿದ ಮೇಲೆ 'ನಬಿ'ಗಳೆಂಬ ಕಲಾವಿದರ ಗುಂಪೇ ಹುಟ್ಟಿತು. 1906ರಲ್ಲಿ, ಗೋಗ್ಯಾಂ ಸತ್ತ ಮೂರು ವರ್ಷಕ್ಕೆ, ಪ್ಯಾರಿಸ್ಸಿನಲ್ಲಿ ಅವನ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ಮತೀಸ್, ಪಿಕಾಸೊ ತಲೆಮಾರಿನ ಮೇಲೆ ಅದರ ಪ್ರಭಾವ ಎಷ್ಟೆಂದು ಕಲಾ ಇತಿಹಾಸದ ಯಾವ ಪುಸ್ತಕ ತೆರೆದರೂ ಸಿಗುತ್ತದೆ. ಬಣ್ಣ ಎಂದರೆ ವಸ್ತುವಿನ ಸ್ವತ್ತಲ್ಲ, ಚಿತ್ರಕಾರನ ತೀರ್ಮಾನ ಎಂದು ಇಂದು ಶಾಲೆಯ ಮಕ್ಕಳಿಗೂ ಗೊತ್ತಿದ್ದರೆ ಅದರಲ್ಲಿ ಇವನ ಪಾಲು ದೊಡ್ಡದು. ವಾನ್ ಗೋನ ಜೊತೆ ಆರ್ಲ್‌ನಲ್ಲಿ ಕಳೆದ ಒಂಬತ್ತು ವಾರ, ಕೊನೆಗೆ ಕಿವಿ ಕತ್ತರಿಸಿಕೊಂಡ ರಾತ್ರಿ, ಇವನ್ನೆಲ್ಲ ಸಿನಿಮಾಗಳು ಬೇಕಾದಷ್ಟು ಹೇಳಿವೆ, ಇಲ್ಲಿ ಬಿಡುತ್ತೇನೆ.

ಈಗ ತಾಹಿತಿ. ನಾಗರಿಕತೆಯನ್ನು ಧಿಕ್ಕರಿಸಿ ಹೊರಟ ಈ ಮನುಷ್ಯ ಹೊರಡುವ ಮೊದಲು ಫ್ರೆಂಚ್ ಸರ್ಕಾರದಿಂದ ಕಲಾ ನಿಯೋಗ ಎಂಬ ಕಾಗದ ಬರೆಸಿಕೊಂಡಿದ್ದ. ಸಂಬಳವಿಲ್ಲದ ನಿಯೋಗ, ಆದರೆ ಹಡಗಿನ ಟಿಕೆಟ್ಟಿನಲ್ಲಿ ಶೇ 30 ರಿಯಾಯಿತಿ ಸಿಕ್ಕಿತು. 1891ರ ಜೂನ್‌ನಲ್ಲಿ ಪಪೀತೆಯಲ್ಲಿ ಇಳಿದಾಗ ಅವನು ಎಣಿಸಿದ್ದ ತಾಹಿತಿ ಇರಲಿಲ್ಲ. ಲಂಡನ್ನಿನ ಮಿಷನರಿಗಳು 1797ರಲ್ಲೇ ಅಲ್ಲಿಗೆ ಬಂದಿದ್ದರು. 1842ರಲ್ಲಿ ಫ್ರಾನ್ಸ್ ರಕ್ಷಣೆಯ ಹೆಸರಿನಲ್ಲಿ ಕಾಲಿಟ್ಟಿತು, 1880ರಲ್ಲಿ ದ್ವೀಪವನ್ನು ನುಂಗಿಯೇಬಿಟ್ಟಿತು. ಜನ ಭಾನುವಾರ ಚರ್ಚಿಗೆ ಹೋಗುತ್ತಿದ್ದರು. ಹೆಂಗಸರು ಕೊರಳಿನಿಂದ ಪಾದದವರೆಗೆ ಮುಚ್ಚುವ ಮಿಷನರಿ ನಿಲುವಂಗಿ ತೊಡುತ್ತಿದ್ದರು. ಗೋಗ್ಯಾಂ ರಾಜಧಾನಿಯಿಂದ ದೂರದ ಮತಾಯಿಯಾ ಎಂಬ ಹಳ್ಳಿಗೆ ಹೋಗಿ ನೆಲೆಸಿದ. ಅಲ್ಲಿಯೂ ಮೀನು ಹಿಡಿಯಲು, ಬೆಟ್ಟ ಹತ್ತಿ ಕಾಡುಬಾಳೆ ತರಲು ಬಾರದೆ ಚೀನೀ ಅಂಗಡಿಯ ದುಬಾರಿ ಡಬ್ಬಿ ಆಹಾರವೇ ಅವನಿಗೆ ಗತಿಯಾಯಿತು. 'ನಾನು ಕಾಡುಮನುಷ್ಯ' ಎನ್ನುವ ವೇಷದ ಹಿಂದೆ ಈ ಸಾಲದ ಲೆಕ್ಕವಿದೆ.

ಹಳೆಯ ದೇವರುಗಳ ಕಥೆ ಹೇಳುವವರು ಅಲ್ಲಿ ಯಾರೂ ಉಳಿದಿರಲಿಲ್ಲ. ಆಗ ಅವನು ಮೋರೆನ್‌ಹೂಟ್ ಎಂಬ ವ್ಯಾಪಾರಿ 1837ರಲ್ಲಿ ಪ್ರಕಟಿಸಿದ್ದ ಪುಸ್ತಕ ಕಡ ತಂದು, ಅದರಿಂದ ಪುಟಗಟ್ಟಲೆ ನಕಲು ಮಾಡಿಕೊಂಡ. ಆಮೇಲೆ 'ನೋವಾ ನೋವಾ' ಎಂಬ ಆತ್ಮಕಥನದಂಥ ಪುಸ್ತಕದಲ್ಲಿ, ಇದನ್ನೆಲ್ಲ ರಾತ್ರಿಯ ಹೊತ್ತು ತನ್ನ ತಾಹಿತಿಯ ಹೆಂಡತಿ ಹೇಳಿದಳು ಎಂದು ಬರೆದ. ಇದನ್ನೇ ನಾನು ಕಟ್ಟಿದ್ದು ಎನ್ನುವುದು.

ಆ ಹೆಂಡತಿಯ ಹೆಸರು ತೆಹಮಾನಾ. ಸುಮಾರು 13 ವರ್ಷದ ಹುಡುಗಿ ಎಂದು ಅವನೇ ಬರೆದಿದ್ದಾನೆ. ಅವನಿಗೆ ಆಗ 43 ದಾಟಿತ್ತು. ಆ ಕಾಲದ ಫ್ರೆಂಚ್ ಕಾನೂನು ಇದಕ್ಕೆ ಅಡ್ಡಿಯಾಗಿರಲಿಲ್ಲ ಎಂದು ಅವನ ಪರ ವಾದಿಸುವವರು ನೆನಪಿಸುತ್ತಾರೆ. ಕಾನೂನಿನ ಮಾತು ಹಾಗಿರಲಿ, ನಾವು ಚಿತ್ರವನ್ನು ನೋಡೋಣ. 1892ರ 'ಮನಾವೊ ತುಪಾಪಾವು' ಚಿತ್ರದಲ್ಲಿ ಹುಡುಗಿ ಬೆತ್ತಲಾಗಿ ಬೋರಲು ಮಲಗಿದ್ದಾಳೆ. ಎರಡೂ ಕೈ ದಿಂಬಿನ ಮೇಲಿವೆ, ಕಣ್ಣು ನಮ್ಮ ಕಡೆಗಿವೆ. ಹಿಂದೆ ಕಪ್ಪು ಮುಸುಕಿನ ಪಿಶಾಚಿ. ನೇರಳೆ ಕತ್ತಲು, ಮಸುಕು ಹಳದಿ ಹಾಸಿಗೆ, ಅಲ್ಲಲ್ಲಿ ಮಿಣುಕುವ ಹೂಗಳು. ಬಣ್ಣಗಳ ಮಟ್ಟಿಗೆ ಅವನ ಅತಿ ದೊಡ್ಡ ಚಿತ್ರಗಳಲ್ಲಿ ಇದೂ ಒಂದು. ರಾತ್ರಿ ತಡವಾಗಿ ಮನೆಗೆ ಬಂದೆ, ದೀಪ ಆರಿಹೋಗಿತ್ತು, ಹುಡುಗಿ ದೆವ್ವದ ಭಯಕ್ಕೆ ಹೀಗೆ ಮಲಗಿದ್ದಳು ಎಂದು ಕಥೆ ಹೇಳಿದ. ಅದೇ ಗೋಗ್ಯಾಂ ಒಂದು ನೋಟ್‌ಪುಸ್ತಕದಲ್ಲಿ ಮಾತ್ರ ಗುಟ್ಟು ಬಿಟ್ಟುಕೊಟ್ಟಿದ್ದಾನೆ: ಮೊದಲು ತನ್ನನ್ನು ಸೆಳೆದದ್ದು ಆ ಮೈಯ ಭಂಗಿ, ಅದನ್ನು ಹಾಗೆಯೇ ಬರೆದರೆ ಅಶ್ಲೀಲ ಎನ್ನುತ್ತಾರೆಂದು ಭಯವನ್ನೂ ದೆವ್ವವನ್ನೂ ಆಮೇಲೆ ಹುಡುಕಿದೆ ಎಂಬ ಅರ್ಥದಲ್ಲಿ. ಆ ನೋಟ್‌ಪುಸ್ತಕವನ್ನು ಅವನು ಅರ್ಪಿಸಿದ್ದು ಡೆನ್ಮಾರ್ಕಿನಲ್ಲಿದ್ದ ತನ್ನ ಮಗಳು ಅಲೀನಳಿಗೆ. ಅಲೀನ್ ಹುಟ್ಟಿದ್ದು 1877ರ ಡಿಸೆಂಬರಿನಲ್ಲಿ. ಅಂದರೆ ಅವಳೂ ತೆಹಮಾನಾಳೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು.

ಆ ಹುಡುಗಿಯ ಮುಖದಲ್ಲಿ ಹೆದರಿಕೆ ಇರುವುದು ನಿಜ. ಅವಳ ಕಣ್ಣು ಹಿಂದಿರುವ ದೆವ್ವದ ಕಡೆಗಿಲ್ಲ, ಎದುರು ನಿಂತವನ ಕಡೆಗಿದೆ. ಕಥೆಯನ್ನು ಕಟ್ಟಿದವನಿಗೂ ಕಣ್ಣಿನ ದಿಕ್ಕನ್ನು ಬದಲಿಸುವುದಾಗಲಿಲ್ಲ. ಅಥವಾ ಅಷ್ಟರಮಟ್ಟಿಗೆ ಅವನು ಪ್ರಾಮಾಣಿಕ ಚಿತ್ರಕಾರ. ಗೋಗ್ಯಾಂನ ವಿಷಯದಲ್ಲಿ ನನ್ನನ್ನು ಕಾಡುವುದು ಇದೇ. ಅವನ ಮಾತು ಸುಳ್ಳು ಹೇಳುವಲ್ಲಿ ಅವನ ಕುಂಚ ಎಷ್ಟೋ ಸಲ ನಿಜ ಹೇಳಿಬಿಡುತ್ತದೆ.

ಹಾಗೆ ನಿಜ ಹೇಳುವ ಚಿತ್ರಗಳಲ್ಲಿ ಹೆಂಗಸರು ಬಟ್ಟೆ ತೊಟ್ಟಿರುತ್ತಾರೆ. ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಿನ 'ಸಮುದ್ರತೀರದಲ್ಲಿ ತಾಹಿತಿಯ ಹೆಂಗಸರು' ಅಂಥದ್ದು, ಅವನು ಬಂದ ವರ್ಷವೇ ಬರೆದದ್ದು. ಒಬ್ಬಳು ಹೂಬಟ್ಟೆ ಸುತ್ತಿದ್ದಾಳೆ, ಇನ್ನೊಬ್ಬಳು ಗುಲಾಬಿ ಬಣ್ಣದ ಮಿಷನರಿ ನಿಲುವಂಗಿಯಲ್ಲಿ ಗರಿಯ ಎಳೆ ಹಿಡಿದು ಹೆಣೆಯುತ್ತ ಕೂತಿದ್ದಾಳೆ. ಇಬ್ಬರಿಗೂ ಮಾತಿಲ್ಲ. ನೋಡುವವನಿಗಾಗಿ ಇಬ್ಬರೂ ಏನನ್ನೂ ಮಾಡುತ್ತಿಲ್ಲ, ಕೆಲಸದ ನಡುವಿನ ಬೇಸರದಲ್ಲಿದ್ದಾರೆ. ಸ್ವರ್ಗ ಹುಡುಕಿ ಬಂದವನಿಗೆ ಸಿಕ್ಕಿದ್ದು ಈ ಬೇಸರ, ಅದನ್ನು ಅವನು ಮುಚ್ಚಿಡಲಿಲ್ಲ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿರುವ 'ಫಾತುರುಮಾ' ಚಿತ್ರದಲ್ಲಿಯೂ ಅಷ್ಟೆ. ಕೆಂಪು ನಿಲುವಂಗಿಯ ಹೆಂಗಸು ತೂಗುಕುರ್ಚಿಯಲ್ಲಿ ಕೂತು ಏನೋ ಯೋಚಿಸುತ್ತಿದ್ದಾಳೆ. ಏನನ್ನು ಎಂದು ಗೋಗ್ಯಾಂಗೂ ಗೊತ್ತಿಲ್ಲ. ಗೊತ್ತಿದ್ದಂತೆ ಅವನು ನಟಿಸಿಯೂ ಇಲ್ಲ.

ಇವುಗಳ ಪಕ್ಕದಲ್ಲಿ ಅವನ ಮಹಾಕೃತಿ ಎಂದು ಎಲ್ಲರೂ ಹೊಗಳುವ 'ನಾವು ಎಲ್ಲಿಂದ ಬಂದೆವು? ನಾವು ಯಾರು? ನಾವು ಎಲ್ಲಿಗೆ ಹೊರಟಿದ್ದೇವೆ?' ಚಿತ್ರವನ್ನು ಇಟ್ಟು ನೋಡಬೇಕು. ಬಾಸ್ಟನ್ನಿನಲ್ಲಿದೆ, 1897-98ರಲ್ಲಿ ಬರೆದದ್ದು. ಅಗಲ ಮೂರೂಮುಕ್ಕಾಲು ಮೀಟರಿನಷ್ಟು, ಎತ್ತರ 139 ಸೆಂಟಿಮೀಟರು. ಗಂಟುಗಂಟಾದ ಗೋಣಿಬಟ್ಟೆಯ ಮೇಲೆ ತೆಳುವಾಗಿ ಬಣ್ಣ ಸವರಿದ್ದು. ಮಗಳು ಅಲೀನ್ ಸತ್ತ ಸುದ್ದಿ ಆ ವರ್ಷವೇ ಬಂದಿತ್ತು, ಮೈತುಂಬ ಕಾಯಿಲೆ, ಕತ್ತಿನವರೆಗೆ ಸಾಲ. ಚಿತ್ರ ಮುಗಿಸಿ ಬೆಟ್ಟಕ್ಕೆ ಹೋಗಿ ಪಾಷಾಣ ತಿಂದೆ, ವಾಂತಿಯಾಗಿ ಬದುಕಿದೆ ಎಂದು ಗೆಳೆಯ ಮೊನ್ಫ್ರೇಗೆ ಪತ್ರ ಬರೆದ. ದುಃಖ ನಿಜವಾದದ್ದೇ. ಆದರೆ ಚಿತ್ರ? ಬಲಗಡೆ ಮಲಗಿದ ಕೂಸು, ನಡುವೆ ಹಣ್ಣು ಕೀಳುವ ಯುವಕ, ಎಡಗಡೆ ಸಾವಿಗೆ ಕಾದು ಕುಕ್ಕರಿಸಿದ ಮುದುಕಿ, ಹಿಂದೆ ನೀಲಿ ವಿಗ್ರಹ. ಆ ಮುದುಕಿಯ ಭಂಗಿ ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿ ಕಂಡ ಪೆರು ದೇಶದ ಶವದ್ದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹುಟ್ಟು, ಬಾಳು, ಸಾವು ಸಾಲಾಗಿ ನಿಂತು ಹಾಜರಿ ಹಾಕುತ್ತವೆ. ನೀಲಿ ಹಸಿರುಗಳ ನಡುವೆ ಆ ಮೈಗಳ ಕಂದು ಹಳದಿ ಅದ್ಭುತವಾಗಿದೆ, ಒಪ್ಪುತ್ತೇನೆ. ಆದರೂ ಇಲ್ಲಿ ಯಾರಿಗೂ ಸ್ವಂತ ಮುಖವಿಲ್ಲ. ಎಲ್ಲರೂ ಗೋಗ್ಯಾಂನ ಪ್ರಶ್ನೆಗೆ ಉದಾಹರಣೆಗಳು. ಶೀರ್ಷಿಕೆಯನ್ನು ಎಡ ಮೂಲೆಯಲ್ಲಿ ಚಿತ್ರದ ಮೇಲೆಯೇ ಬರೆಯಬೇಕಾಗಿ ಬಂತು ಎಂಬುದು ನನಗೆ ದೊಡ್ಡ ಸುಳಿವು. ಚಿತ್ರ ತಾನಾಗಿ ಕೇಳುವ ಪ್ರಶ್ನೆಯನ್ನು ಅಕ್ಷರದಲ್ಲಿ ಕೇಳಿಸಬೇಕಾಗುವುದಿಲ್ಲ.

ತನ್ನನ್ನು ತಾನು ಮಾರಿಕೊಳ್ಳುವ ಕಲೆಯಲ್ಲಂತೂ ಅವನು ಇಂದಿನವರಿಗೂ ಗುರು. 1895ರಲ್ಲಿ ಹರಾಜಿನ ಕೆಟಲಾಗಿಗೆ ಮುನ್ನುಡಿ ಬರೆದುಕೊಡಿ ಎಂದು ನಾಟಕಕಾರ ಸ್ಟ್ರಿಂಡ್‌ಬರ್ಗ್‌ನನ್ನು ಕೇಳಿದ. ನಿಮ್ಮ ಕಲೆ ನನಗೆ ಹಿಡಿಸುವುದಿಲ್ಲ, ಬರೆಯಲಾರೆ ಎಂದು ಅವನು ಉದ್ದದ ಪತ್ರ ಬರೆದ. ಗೋಗ್ಯಾಂ ಆ ಪತ್ರವನ್ನೇ ಮುನ್ನುಡಿಯಾಗಿ ಅಚ್ಚು ಹಾಕಿಸಿದ. ಕೊನೆಯ ವರ್ಷಗಳಲ್ಲಿ ಮಾರ್ಕೆಸಸ್ ದ್ವೀಪಗಳ ಹಿವಾ ಓವಾಕ್ಕೆ ಹೋಗಿ, ಬಿಷಪ್ಪನ ಜೊತೆ, ಪೊಲೀಸರ ಜೊತೆ ಜಗಳ ಕಾದು, ಮೂರು ತಿಂಗಳ ಜೈಲುಶಿಕ್ಷೆಯ ತೀರ್ಪು ತಲೆಯ ಮೇಲಿರುವಾಗಲೇ 1903ರ ಮೇ 8ರಂದು ಸತ್ತ. ವಯಸ್ಸು 54.

ಅವನ ನೋಟಕ್ಕೆ ಒಳ್ಳೆಯ ಉತ್ತರ ಕೊಟ್ಟವಳು ನಮ್ಮ ಅಮೃತಾ ಶೇರ್‌ಗಿಲ್. 1934ರಲ್ಲಿ, ಪ್ಯಾರಿಸ್ಸಿನ ಓದು ಮುಗಿಯುವ ಹೊತ್ತಿಗೆ, ಆಕೆ 'ತಾಹಿತಿಯವಳಾಗಿ ನಾನು' ಎಂಬ ಸ್ವಚಿತ್ರ ಬರೆದಳು. ಸೊಂಟದ ಮೇಲೆ ಬಟ್ಟೆಯಿಲ್ಲ, ಕೈಗಳು ಅಡ್ಡಕಟ್ಟಿವೆ, ಮುಖ ಬಿಗಿಯಾಗಿದೆ, ಹಿಂದೆ ಗಂಡಸೊಬ್ಬನ ನೆರಳು. ಗೋಗ್ಯಾಂನ ಬಣ್ಣಗಳನ್ನು ಆಕೆ ತೆಗೆದುಕೊಂಡಳು, ಅವನ ಜಾಗವನ್ನು ತೆಗೆದುಕೊಳ್ಳಲಿಲ್ಲ; ಅವನ ಎದುರು ಕೂತವಳ ಜಾಗದಲ್ಲಿ ತಾನು ಕೂತಳು. ಮೂರು ವರ್ಷದ ಬಳಿಕ ಅಜಂತಾ ನೋಡಿ ದಕ್ಷಿಣ ಭಾರತ ಸುತ್ತಿ ಬಂದು ಬರೆದ 'ಬ್ರಹ್ಮಚಾರಿಗಳು', 'ವಧುವಿನ ಸಿಂಗಾರ' ಚಿತ್ರಗಳಲ್ಲಿ ಆ ಚಪ್ಪಟೆ ಬಣ್ಣ, ಆ ನಿಧಾನ ಎರಡೂ ಇವೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಆರಂಭದ ಚಿತ್ರಗಳ ಮೇಲೆಯೂ ಗೋಗ್ಯಾಂ ಮತ್ತು ಅಮೃತಾ ಇಬ್ಬರ ನೆರಳಿದೆ. ಆದರೆ ಹೆಬ್ಬಾರರು ಬರೆದದ್ದು ತಮ್ಮ ಕರಾವಳಿಯನ್ನು, ತಮಗೆ ಗೊತ್ತಿದ್ದ ಜನರನ್ನು. ಅವರಿಗೆ ಸ್ವರ್ಗ ಕಟ್ಟುವ ಅಗತ್ಯ ಬೀಳಲಿಲ್ಲ.

2019ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ಗೋಗ್ಯಾಂನ ಭಾವಚಿತ್ರಗಳ ಪ್ರದರ್ಶನ ಮಾಡಿದಾಗ, ಇನ್ನು ಮುಂದೆ ಇವನ ಚಿತ್ರಗಳನ್ನು ನೋಡುವುದನ್ನೇ ಬಿಡಬೇಕೇ ಎಂಬ ಪ್ರಶ್ನೆ ಎದ್ದಿತು. ಬಿಡಬಾರದು ಎನ್ನುವವನು ನಾನು. ಬಿಟ್ಟರೆ ಗೋಗ್ಯಾಂಗೇನೂ ನಷ್ಟವಿಲ್ಲ. ಅವನ 'ನಾಫೆಯಾ ಫಾ ಇಪೊಯಿಪೊ' 2014ರಲ್ಲಿ 21 ಕೋಟಿ ಡಾಲರಿಗೆ ಕೈಬದಲಾಯಿಸಿತು. ಅಂಥ ದುಡ್ಡಿಗೆ ನಮ್ಮ ನಿಮ್ಮ ನೈತಿಕ ಸಿಟ್ಟು ತಾಗುವುದಿಲ್ಲ. ನಷ್ಟವಾಗುವುದು ತೆಹಮಾನಾಳಿಗೆ. ಅವಳ ಮುಖ ಉಳಿದಿರುವುದೇ ಈ ಚಿತ್ರಗಳಲ್ಲಿ.

ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಅವಳ ಚಿತ್ರವಿದೆ, 1893ರದ್ದು, ಗೋಗ್ಯಾಂ ಫ್ರಾನ್ಸಿಗೆ ಹಿಂದಿರುಗುವ ಮುನ್ನ ಬರೆದದ್ದು. ಪಟ್ಟೆಪಟ್ಟೆಯ ಮಿಷನರಿ ನಿಲುವಂಗಿ, ತಲೆಯಲ್ಲಿ ಹೂ, ಕೈಯಲ್ಲಿ ಗರಿಯ ಬೀಸಣಿಗೆ, ಪಕ್ಕದಲ್ಲಿ ಎರಡು ಮಾವಿನಹಣ್ಣು. ಹಿಂದಿನ ಗೋಡೆಯ ಮೇಲೆ ದೇವಿಯ ಆಕೃತಿ, ಈಸ್ಟರ್ ದ್ವೀಪದ ಲಿಪಿಯನ್ನು ಹೋಲುವ ಯಾರೂ ಓದಲಾಗದ ಅಕ್ಷರಗಳು. ಅದೆಲ್ಲ ಅವನು ಕಟ್ಟಿದ್ದು. ಅದರ ಮುಂದೆ ಕೂತ ಹುಡುಗಿ ಮಾತ್ರ ಅವನು ಕಂಡವಳು. ನೆಟ್ಟಗೆ ಕೂತಿದ್ದಾಳೆ, ನಗುತ್ತಿಲ್ಲ, ನಮ್ಮನ್ನು ನೋಡುತ್ತಲೂ ಇಲ್ಲ. ಬಾಸ್ಟನ್ನಿನ ಆ ದೊಡ್ಡ ಗೋಣಿಬಟ್ಟೆಗಿಂತ ಇದು ದೊಡ್ಡ ಚಿತ್ರ ಎಂಬುದು ನನ್ನ ತೀರ್ಮಾನ. ಎರಡು ವರ್ಷದ ಮೇಲೆ ಗೋಗ್ಯಾಂ ತಾಹಿತಿಗೆ ಮರಳಿದಾಗ ತೆಹಮಾನಾ ಬೇರೊಬ್ಬನನ್ನು ಮದುವೆಯಾಗಿದ್ದಳು. ಕರೆದದ್ದಕ್ಕೆ ಬಂದು ಕೆಲವು ದಿನ ಇದ್ದು, ಗಂಡನ ಮನೆಗೆ ಹೊರಟುಹೋದಳು. ಗೋಗ್ಯಾಂ ಸತ್ತ ಮೇಲೂ ಹದಿನೈದು ವರ್ಷ ಬದುಕಿದ್ದು, 1918ರಲ್ಲಿ ಸ್ಪ್ಯಾನಿಷ್ ಫ್ಲೂ ತಾಹಿತಿಗೆ ಬಂದಾಗ ತೀರಿಕೊಂಡಳು.